ವಿಮಾನದ ಬೆಲೆ ಮೊದಲೇ ಗೊತ್ತು, ಪ್ರಯಾಣಿಕನದ್ದು?

2025ರ ಜೂನ್ 12ರ ಮಧ್ಯಾಹ್ನ ಅಹಮದಾಬಾದ್‌ನಿಂದ ಲಂಡನ್‌ಗೆ ಹೊರಟಿದ್ದ ಏರ್ ಇಂಡಿಯಾದ ಬೋಯಿಂಗ್ 787 ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ವೈದ್ಯಕೀಯ ಕಾಲೇಜೊಂದರ ಹಾಸ್ಟೆಲ್ ಮೇಲೆ ಬಿತ್ತು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಬದುಕಿದರು. ನೆಲದ ಮೇಲಿದ್ದ 19 ಮಂದಿಯೂ ಪ್ರಾಣ ಕಳೆದುಕೊಂಡರು. ಆಗ ಊಟದ ಹೊತ್ತು. ಹಾಸ್ಟೆಲ್ ಮೆಸ್‌ನಲ್ಲಿದ್ದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ವಿದ್ಯಾರ್ಥಿಗಳೂ ಸತ್ತವರಲ್ಲಿದ್ದರು.

ಒಂದು ತಿಂಗಳ ನಂತರ ವಿಮಾನ ಅಪಘಾತ ತನಿಖಾ ಸಂಸ್ಥೆ ತನ್ನ ಪ್ರಾಥಮಿಕ ವರದಿ ಕೊಟ್ಟಿತು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ‘ಕಟ್‌ಆಫ್’ ಸ್ಥಿತಿಗೆ ಹೋಗಿದ್ದವು ಎಂಬುದು ಅದರ ಮುಖ್ಯ ಅಂಶ. ಮೆಕ್ಯಾನಿಕಲ್ ವಿಭಾಗದ ನಾವೆಲ್ಲ ಆ ಸ್ವಿಚ್ ಹೇಗೆ ಕೆಲಸ ಮಾಡುತ್ತದೆ, ತಾನಾಗಿಯೇ ಜಾರಲು ಸಾಧ್ಯವೇ ಎಂದು ದಿನಗಟ್ಟಲೆ ಚರ್ಚಿಸಿದೆವು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಇನ್ನೊಂದು ಸುದ್ದಿ. ಈ ಅಪಘಾತದಿಂದ ವಿಮಾ ಕಂಪನಿಗಳ ಮೇಲೆ ಬೀಳುವ ಹೊರೆ ಸುಮಾರು 47.5 ಕೋಟಿ ಡಾಲರ್, ಅಂದರೆ ಹೆಚ್ಚುಕಡಿಮೆ 4 ಸಾವಿರ ಕೋಟಿ ರೂಪಾಯಿ ಎಂದು ಸರ್ಕಾರಿ ಮರುವಿಮಾ ಸಂಸ್ಥೆ ಜಿಐಸಿ ಆರ್‌ಇ ಮುಖ್ಯಸ್ಥರು ಅಂದಾಜಿಸಿದ್ದರು. ಅದರಲ್ಲಿ ವಿಮಾನ ಮತ್ತು ಎಂಜಿನ್‌ಗೆ 12.5 ಕೋಟಿ ಡಾಲರ್. ಉಳಿದ 35 ಕೋಟಿ ಡಾಲರ್ ಜನರಿಗೆ ಕೊಡಬೇಕಾಗಬಹುದಾದ ಪರಿಹಾರ.

ಈ ಹಣ ಎಲ್ಲಿಂದ ಬರುತ್ತದೆ, ಯಾರಿಗೆ ಹೋಗುತ್ತದೆ, ಯಾರಿಗೆ ಬೇಗ ಸಿಗುತ್ತದೆ, ಯಾರು ಕಾಯಬೇಕಾಗುತ್ತದೆ? ಹುಡುಕುತ್ತಾ ಹೋದಾಗ ನನಗೆ ಕಂಡದ್ದು ಇದು: ವಿಮಾನಯಾನ ವಿಮೆ ಲೋಹದ ವಿಚಾರದಲ್ಲಿ ಬಹಳ ಅಚ್ಚುಕಟ್ಟು, ಮನುಷ್ಯರ ವಿಚಾರದಲ್ಲಿ ಇನ್ನೂ ಚೌಕಾಸಿ.

ಬೈಕ್ ಪಾಲಿಸಿಯ ದೊಡ್ಡಣ್ಣ

ಬೈಕ್ ಇರುವ ಯಾರಿಗೂ ವಿಮಾನದ ವಿಮೆ ಅರ್ಥವಾಗುತ್ತದೆ. ನಮ್ಮ ಬೈಕ್‌ಗೆ ಎರಡು ಭಾಗ. ಗಾಡಿಗೆ ಆದ ಹಾನಿಗೆ ಒಂದು, ಗುದ್ದಿಸಿಕೊಂಡವರಿಗಾಗಿ ‘ಥರ್ಡ್ ಪಾರ್ಟಿ’ ಇನ್ನೊಂದು. ವಿಮಾನಕ್ಕೂ ಹಾಗೆಯೇ. ವಿಮಾನದ ಒಡಲಿಗೆ ‘ಹಲ್’ ವಿಮೆ. ಪ್ರಯಾಣಿಕರ ಸಾವುನೋವಿಗೆ ಒಂದು ಹೊಣೆಗಾರಿಕೆ ವಿಮೆ, ನೆಲದ ಮೇಲಿನ ಜನ ಮತ್ತು ಆಸ್ತಿಗೆ ಇನ್ನೊಂದು. ಯುದ್ಧ, ಅಪಹರಣ, ವಿಧ್ವಂಸಕ ಕೃತ್ಯಗಳಿಗೆ ಬೇರೆಯೇ ಪಾಲಿಸಿ.

ಇಲ್ಲಿ ಮುಗಿಯುವುದಿಲ್ಲ. ವಿಮಾನ ನಿಲ್ಲಿಸಿಕೊಳ್ಳುವ ಹ್ಯಾಂಗರ್‌ನವರಿಗೆ, ರಿಪೇರಿ ಮಾಡುವವರಿಗೆ, ಇಂಧನ ತುಂಬುವವರಿಗೆ, ವಿಮಾನ ನಿಲ್ದಾಣಕ್ಕೆ, ಬಿಡಿಭಾಗ ತಯಾರಿಸುವ ಕಾರ್ಖಾನೆಗೆ ಪ್ರತ್ಯೇಕ ಹೊಣೆಗಾರಿಕೆ ವಿಮೆಗಳಿವೆ. ವೈದ್ಯಕೀಯ ಕಾರಣಕ್ಕೆ ಪರವಾನಗಿ ಕಳೆದುಕೊಳ್ಳುವ ಪೈಲಟ್‌ಗೂ ವಿಮೆ ಇದೆ.

ಹಲ್ ವಿಮೆಯಲ್ಲಿ ವಿಮಾನದ ಬೆಲೆ ಇಷ್ಟು ಎಂದು ಮಾಲೀಕ ಮತ್ತು ವಿಮಾ ಕಂಪನಿ ಮೊದಲೇ ಒಪ್ಪಿಕೊಂಡಿರುತ್ತವೆ. ವಿಮಾನ ಪೂರ್ತಿ ನಾಶವಾದರೆ ಆ ಮೊತ್ತ ಕೊಡಬೇಕು, ಮಾರುಕಟ್ಟೆ ಬೆಲೆ ಎಷ್ಟಿತ್ತು ಎಂದು ಜಗ್ಗಾಡುವಂತಿಲ್ಲ. ಪೈಲಟ್ ತಪ್ಪೋ ಯಂತ್ರದ ದೋಷವೋ ಎಂಬ ತನಿಖೆ ಮುಗಿಯಲೆಂದು ಸಾಮಾನ್ಯವಾಗಿ ಕಾಯಬೇಕಿಲ್ಲ. ತಯಾರಕರ ದೋಷ ಎಂದು ನಂತರ ಗೊತ್ತಾದರೆ, ಹಣ ಕೊಟ್ಟ ವಿಮಾ ಕಂಪನಿಯೇ ಮಾಲೀಕನ ಜಾಗದಲ್ಲಿ ನಿಂತು ತಯಾರಕರಿಂದ ವಸೂಲಿಗೆ ಇಳಿಯಬಹುದು.

ಮಾಲೀಕ ಎಂದರೆ ಯಾರು ಎಂಬುದೂ ಮುಖ್ಯ. ನಮ್ಮ ದೇಶದ ಪ್ರಯಾಣಿಕ ವಿಮಾನಗಳಲ್ಲಿ ಬಹುಪಾಲು ಗುತ್ತಿಗೆಗೆ ಪಡೆದವು. ಅಂಥ ವಿಮಾನ ನಾಶವಾದರೆ ಹಲ್ ವಿಮೆಯ ಹಣ ಸಾಮಾನ್ಯವಾಗಿ ಗುತ್ತಿಗೆ ಕೊಟ್ಟ ಕಂಪನಿಗೋ ಸಾಲ ಕೊಟ್ಟ ಬ್ಯಾಂಕಿಗೋ ಹೋಗುತ್ತದೆ.

ನಮ್ಮ ವಿಮಾನ, ಲಂಡನ್ನಿನ ಜೇಬು

ವಿಮೆ ನಡೆಯುವುದು ದೊಡ್ಡ ಸಂಖ್ಯೆಗಳ ಮೇಲೆ. ಕೋಟಿಗಟ್ಟಲೆ ಬೈಕ್‌ಗಳಿರುವಲ್ಲಿ ವರ್ಷಕ್ಕೆ ಎಷ್ಟು ಅಪಘಾತ ಆಗಬಹುದು ಎಂದು ಲೆಕ್ಕ ಹಾಕುವುದು ಸುಲಭ. ವಿಮಾನಗಳು ಕಡಿಮೆ, ಅಪಘಾತ ಇನ್ನೂ ಕಡಿಮೆ. ಆದರೆ ಒಂದೇ ಒಂದು ಅಪಘಾತ ಸಾವಿರಾರು ಕೋಟಿ ನುಂಗುತ್ತದೆ. ಯಾವ ಒಂದು ಕಂಪನಿಯೂ ಇದನ್ನು ಒಬ್ಬಂಟಿಯಾಗಿ ಹೊರಲಾರದು. ಹಾಗಾಗಿ ಭಾರತದ ವಿಮಾ ಕಂಪನಿಗಳು ಒಟ್ಟಾಗಿ ಪಾಲಿಸಿ ಕೊಟ್ಟು, ಅಪಾಯದ ದೊಡ್ಡ ಭಾಗವನ್ನು ಹೊರದೇಶದ ಮರುವಿಮಾ ಕಂಪನಿಗಳಿಗೆ ಹಂಚುತ್ತವೆ. ಆ ಮಾರುಕಟ್ಟೆಯ ಮುಖ್ಯ ಕೇಂದ್ರ ಲಂಡನ್. ಅಲ್ಲಿನ ಲಾಯ್ಡ್ಸ್ 1911ರಷ್ಟು ಹಿಂದೆಯೇ ವಿಮಾನಕ್ಕೆ ಪಾಲಿಸಿ ಬರೆದಿತ್ತು.

ಇದರ ಪರಿಣಾಮವೆಂದರೆ, ಜಗತ್ತಿನ ಯಾವುದೋ ಮೂಲೆಯಲ್ಲಿ ನಡೆದದ್ದಕ್ಕೆ ನಾವೂ ಬೆಲೆ ತೆರುತ್ತೇವೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾ ಕಂಪನಿಗಳು ಏಳೇ ದಿನಗಳ ನೋಟಿಸ್ ಕೊಟ್ಟು ಮೂರನೇ ವ್ಯಕ್ತಿಗಳ ಯುದ್ಧ ವಿಮೆಯನ್ನು ಹಿಂದಕ್ಕೆ ಪಡೆದವು. ವಿಮೆ ಇಲ್ಲದೆ ವಿಮಾನ ಹಾರುವಂತಿಲ್ಲ. ಅನೇಕ ದೇಶಗಳಲ್ಲಿ ಸರ್ಕಾರಗಳೇ ಖಾತರಿ ನಿಂತು ವಿಮಾನಗಳನ್ನು ಹಾರಿಸಬೇಕಾಯಿತು.

2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಬೇರೆಯದೇ ಸಮಸ್ಯೆ ಎದುರಾಯಿತು. ವಿದೇಶಿ ಕಂಪನಿಗಳು ಗುತ್ತಿಗೆಗೆ ಕೊಟ್ಟಿದ್ದ ನೂರಾರು ವಿಮಾನಗಳು ರಷ್ಯಾದಲ್ಲೇ ಉಳಿದವು. ಒಂದು ಸ್ಕ್ರೂ ಕೂಡ ಮುರಿದಿಲ್ಲ, ಆದರೆ ಮಾಲೀಕರ ಕೈಗೆ ಸಿಗುತ್ತಿಲ್ಲ. ಇದು ‘ನಷ್ಟ’ ಹೌದೋ ಅಲ್ಲವೋ? ಹೌದಾದರೆ ಸಾಮಾನ್ಯ ಪಾಲಿಸಿಯವರು ಕೊಡಬೇಕೋ, ಯುದ್ಧದ ಪಾಲಿಸಿಯವರು ಕೊಡಬೇಕೋ? ಯುದ್ಧದ ಪಾಲಿಸಿಯವರೇ ಕೊಡಬೇಕೆಂದು ಲಂಡನ್ ಹೈಕೋರ್ಟ್ 2025ರ ಜೂನ್ 11ರಂದು ತೀರ್ಪು ಕೊಟ್ಟಿತು. ಏರ್‌ಕ್ಯಾಪ್ ಎಂಬ ಒಂದೇ ಕಂಪನಿಗೆ ನೂರು ಕೋಟಿ ಡಾಲರ್‌ಗಿಂತ ಹೆಚ್ಚು ಸಿಕ್ಕಿತು. ಅಹಮದಾಬಾದ್ ದುರಂತ ನಡೆದದ್ದು ಅದರ ಮರುದಿನವೇ. ಎರಡು ದಿನಗಳಲ್ಲಿ ಎರಡು ದೊಡ್ಡ ಪೆಟ್ಟು.

ಯುದ್ಧದ ವಿಮೆ ನಮಗೆ ದೂರದ ಮಾತೂ ಅಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಪಾಕಿಸ್ತಾನದೊಂದಿಗಿನ ಸಂಘರ್ಷದ ವೇಳೆ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳಲ್ಲಿ ನಾಗರಿಕ ಹಾರಾಟ ನಿಂತಿತ್ತು.

ಮಂಗಳೂರು ಕಲಿಸಿದ ಪಾಠ

ಈಗ ಮನುಷ್ಯರ ಕಡೆ ಬರೋಣ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತ ಅದಕ್ಕೆ ಸೇರಿದ್ದು 2009ರಲ್ಲಿ. ಅದರ ಪ್ರಕಾರ ಸಾವು ಸಂಭವಿಸಿದಾಗ ಒಂದು ಮಿತಿಯವರೆಗೆ ವಿಮಾನಯಾನ ಕಂಪನಿ ‘ನಮ್ಮ ತಪ್ಪಿಲ್ಲ’ ಎಂದು ನುಣುಚಿಕೊಳ್ಳುವಂತಿಲ್ಲ. ಈ ಮಿತಿಯನ್ನು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನವಾದ ಎಸ್‌ಡಿಆರ್‌ನಲ್ಲಿ ಹೇಳುತ್ತಾರೆ. 2024ರ ಡಿಸೆಂಬರ್ 28ರಿಂದ ಅದು 1,51,880 ಎಸ್‌ಡಿಆರ್, ಅಂದರೆ ಸುಮಾರು 1.8 ಕೋಟಿ ರೂಪಾಯಿ. ಅದಕ್ಕಿಂತ ಹೆಚ್ಚು ಕೇಳಿದರೆ, ತನ್ನ ನಿರ್ಲಕ್ಷ್ಯ ಇರಲಿಲ್ಲ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದ್ದು.

ಕೇಳಲು ಚೆನ್ನಾಗಿದೆ. ಆದರೆ ಇದು ಮಿತಿಯೇ ಹೊರತು ಕೈಗೆ ಸಿಗುವ ಖಾತರಿ ಮೊತ್ತ ಅಲ್ಲ. ಇದು ಮಂಗಳೂರಿನವರಿಗೆ ಚೆನ್ನಾಗಿ ಗೊತ್ತು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. ಆಗ ಮಿತಿ ಸುಮಾರು 75 ಲಕ್ಷ ರೂಪಾಯಿ. ಪ್ರತಿ ಕುಟುಂಬಕ್ಕೂ ಕನಿಷ್ಠ ಅಷ್ಟನ್ನು ಕೊಡಲೇಬೇಕು ಎಂದು ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರಲ್ಲಿ ಹೇಳಿತು. ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ, ನಷ್ಟ ಎಷ್ಟೆಂದು ಕುಟುಂಬವೇ ತೋರಿಸಬೇಕು ಎಂದಿತು. ಸತ್ತವರಲ್ಲೊಬ್ಬರು ಕೊಲ್ಲಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಅವರ ಕುಟುಂಬಕ್ಕೆ 7.64 ಕೋಟಿ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟ್ ನಿಗದಿ ಮಾಡಿದ್ದು 2020ರ ಮೇ ತಿಂಗಳಲ್ಲಿ. ಹತ್ತು ವರ್ಷ! ಅಪಘಾತದ ದಿನ ಒಂದನೇ ತರಗತಿಯಲ್ಲಿದ್ದ ಮಗು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಹೊತ್ತಿಗೆ ಬಂದಿರುತ್ತದೆ.

ಪರಿಹಾರದ ಲೆಕ್ಕ ನಿಲ್ಲುವುದು ಸಂಬಳದ ಮೇಲೆ. ಸಂಬಳದ ಚೀಟಿ ದೊಡ್ಡದಿದ್ದರೆ ಪರಿಹಾರವೂ ದೊಡ್ಡದು. ಕೊಲ್ಲಿಯಲ್ಲಿ ಚಾಲಕನಾಗಿಯೋ ಅಂಗಡಿ ಸಹಾಯಕನಾಗಿಯೋ ದುಡಿಯುತ್ತಿದ್ದವನ ಮನೆಯವರಿಗೆ ಅದೇ ಸಾಲಿನ ಸೀಟಿಗೆ ಕಡಿಮೆ. ಇನ್ನು ವಿದ್ಯಾರ್ಥಿಯ ಆದಾಯ ಸೊನ್ನೆ. ಮುಂದೆ ಅವನು ಎಷ್ಟು ದುಡಿಯಬಹುದಿತ್ತು ಎಂದು ಯಾರೋ ಊಹಿಸಬೇಕು. ಅಹಮದಾಬಾದ್‌ನ ಹಾಸ್ಟೆಲ್‌ನಲ್ಲಿ ಸತ್ತವರದ್ದು ಇನ್ನೂ ಕಷ್ಟದ ಪ್ರಶ್ನೆ. ಅವರು ಪ್ರಯಾಣಿಕರಲ್ಲವಾದ್ದರಿಂದ ಮಾಂಟ್ರಿಯಲ್ ಒಪ್ಪಂದದ ರಕ್ಷಣೆ ಅವರಿಗಿಲ್ಲ. ವಿಮಾನದ ಮೂರನೇ ವ್ಯಕ್ತಿ ವಿಮೆಯೂ ಸಾಮಾನ್ಯ ಕಾನೂನೂ ಅವರಿಗಿರುವ ದಾರಿ. ಟಾಟಾ ಸಮೂಹ ಮೃತರ ಕುಟುಂಬಗಳಿಗೆ ತಲಾ ಒಂದು ಕೋಟಿ ಘೋಷಿಸಿತು, ಏರ್ ಇಂಡಿಯಾ 25 ಲಕ್ಷದ ಮಧ್ಯಂತರ ನೆರವು ಪ್ರಕಟಿಸಿತು. ಇದು ಒಳ್ಳೆಯದೇ. ಆದರೆ ಒಂದು ಸಮೂಹ ತಾನಾಗಿ ಘೋಷಿಸಿದ್ದನ್ನು ಮುಂದಿನ ಅಪಘಾತದಲ್ಲಿ ಇನ್ನೊಂದು ಕಂಪನಿಯಿಂದ ಹಕ್ಕಾಗಿ ಕೇಳಲು ಬರುವುದಿಲ್ಲ.

ದೇಶದೊಳಗಿನ ಪ್ರಯಾಣದ ಸ್ಥಿತಿ ನೋಡಿ. ನುಣುಚಿಕೊಳ್ಳಲಾಗದ ಮೊತ್ತ ಅಂತರರಾಷ್ಟ್ರೀಯ ಪ್ರಯಾಣಿಕನಿಗೆ 1.8 ಕೋಟಿ ಇದ್ದರೆ, ದೇಶೀಯ ಪ್ರಯಾಣಿಕನಿಗೆ 2014ರ ಅಧಿಸೂಚನೆಯಲ್ಲಿ ನಿಗದಿಯಾದದ್ದು 20 ಲಕ್ಷ. ಬೆಂಗಳೂರಿನಿಂದ ದುಬೈಗೆ ಹೊರಟವನ ಜೀವಕ್ಕೂ ಹುಬ್ಬಳ್ಳಿಗೆ ಹೊರಟವನ ಜೀವಕ್ಕೂ ಇಷ್ಟು ಅಂತರ ಯಾಕೆ? ಮಾಂಟ್ರಿಯಲ್ ಒಪ್ಪಂದದಲ್ಲಿ ಐದು ವರ್ಷಕ್ಕೊಮ್ಮೆ ಹಣದುಬ್ಬರ ನೋಡಿ ಮಿತಿಯನ್ನು ಪರಿಶೀಲಿಸುವ ವ್ಯವಸ್ಥೆ ಇದೆ. ನಮ್ಮ ದೇಶೀಯ ಮೊತ್ತಕ್ಕೂ ಅದು ಬೇಕು.

ಮನಸ್ಸು ಮಾಡಿದರೆ ಕಾನೂನು ಬೇಗ ಬರುತ್ತದೆ ಎಂಬುದಕ್ಕೆ ಉದಾಹರಣೆಯೂ ಇದೆ. 2023ರಲ್ಲಿ ಗೋ ಫಸ್ಟ್ ದಿವಾಳಿಯಾದಾಗ ಗುತ್ತಿಗೆ ಕೊಟ್ಟ ವಿದೇಶಿ ಕಂಪನಿಗಳು ತಮ್ಮ ವಿಮಾನ ವಾಪಸ್ ಪಡೆಯಲು ಪರದಾಡಿದವು. ಎರಡೇ ವರ್ಷದಲ್ಲಿ, 2025ರ ಏಪ್ರಿಲ್‌ನಲ್ಲಿ, ಸಂಸತ್ತು ಅವರ ಹಿತ ಕಾಯುವ ಕಾಯ್ದೆ ಅಂಗೀಕರಿಸಿತು. ಅದು ತಪ್ಪಲ್ಲ, ಮಾಲೀಕರಿಗೆ ಧೈರ್ಯ ಬಂದರೆ ಗುತ್ತಿಗೆ ದರ ಇಳಿದು ಟಿಕೆಟ್‌ಗೂ ಅನುಕೂಲವಾಗಬಹುದು. ಅದೇ ಚುರುಕು ಸೀಟಿನಲ್ಲಿ ಕೂತವರ ವಿಷಯದಲ್ಲೂ ಇರಲಿ ಎಂಬುದಷ್ಟೇ ನನ್ನ ಮಾತು.

ಇದು ದೊಡ್ಡವರ ಆಟ ಮಾತ್ರವಲ್ಲ

ಅಹಮದಾಬಾದ್ ದುರಂತದ ಮೂರೇ ದಿನದ ನಂತರ ಕೇದಾರನಾಥ ಬಳಿ ಯಾತ್ರಿಕರ ಹೆಲಿಕಾಪ್ಟರ್ ಬಿದ್ದು 7 ಮಂದಿ ಸತ್ತರು. ಜಕ್ಕೂರಿನಂಥ ಕಡೆ ತರಬೇತಿ ವಿಮಾನಗಳು ಹಾರುತ್ತವೆ. ನಾಲ್ಕಾರು ವಿಮಾನ ಇಟ್ಟುಕೊಂಡ ಸಣ್ಣ ಸಂಸ್ಥೆಗೆ ಪ್ರೀಮಿಯಂ ದೊಡ್ಡ ಹೊರೆ. ಅದರ ಪಾಲಿಸಿಯಲ್ಲಿ ಷರತ್ತುಗಳೂ ಹೆಚ್ಚು. ಪೈಲಟ್‌ಗೆ ಇಂತಿಷ್ಟು ಗಂಟೆಯ ಅನುಭವ ಇರಬೇಕು, ಹಾರಾಟ ಅರ್ಹತಾ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು, ಹೇಳಿದ ಉದ್ದೇಶಕ್ಕೇ ಹಾರಿಸಬೇಕು. ಒಂದು ತಪ್ಪಿದರೂ ಹಣ ಕೈತಪ್ಪಬಹುದು. ಒಂದು ರೀತಿಯಲ್ಲಿ ಇದು ಒಳ್ಳೆಯದು, ಯಾಕೆಂದರೆ ಡಿಜಿಸಿಎ ಅಧಿಕಾರಿ ವರ್ಷಕ್ಕೆ ಕೆಲವೇ ಸಲ ಬಂದರೂ ಪಾಲಿಸಿಯ ಷರತ್ತು ಪ್ರತಿ ಹಾರಾಟದಲ್ಲೂ ಜೊತೆಗಿರುತ್ತದೆ.

ಡ್ರೋನ್ ಬಂದ ಮೇಲೆ ಈ ವಿಮೆ ಹೊಲಕ್ಕೂ ಇಳಿದಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ‘ನ್ಯಾನೊ’ ಡ್ರೋನ್ ಬಿಟ್ಟು ಉಳಿದವಕ್ಕೆ ಮೋಟಾರು ವಾಹನ ಕಾಯ್ದೆಯ ಥರ್ಡ್ ಪಾರ್ಟಿ ವಿಮೆಯ ನಿಯಮಗಳೇ ಅನ್ವಯ. ಔಷಧಿ ಸಿಂಪಡಿಸುವ ಡ್ರೋನ್ ಪಕ್ಕದ ಜಮೀನಿನವರ ಮೇಲೆ ಬಿದ್ದರೆ ಏನು ಗತಿ ಎಂಬುದನ್ನು ಡ್ರೋನ್ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ಕಾಲೇಜುಗಳ ಡ್ರೋನ್ ತಂಡಗಳಲ್ಲಿರುವ ನಮ್ಮಂಥವರು ಮೋಟಾರ್, ಬ್ಯಾಟರಿ, ಕೋಡ್ ಬಗ್ಗೆ ಮಾತನಾಡಿದಷ್ಟು ಇದರ ಬಗ್ಗೆ ಮಾತನಾಡುವುದಿಲ್ಲ.

ಉದ್ಯೋಗ ಹುಡುಕುವವರಿಗೂ ಇಲ್ಲಿ ಒಂದು ಬಾಗಿಲಿದೆ. ಅಪಘಾತವಾದಾಗ ಹಾನಿ ಅಳೆಯುವ ಸರ್ವೇಯರ್, ಅಪಾಯ ಅಂದಾಜಿಸಿ ಪ್ರೀಮಿಯಂ ಹೇಳುವ ಅಂಡರ್‌ರೈಟರ್, ಸಂಖ್ಯಾಶಾಸ್ತ್ರದ ಮೇಲೆ ಲೆಕ್ಕ ಕಟ್ಟುವ ಆಕ್ಚುಯರಿ, ಇವರೆಲ್ಲರಿಗೂ ಯಂತ್ರ ಅರ್ಥವಾಗಬೇಕು, ಇಲ್ಲವೇ ಅರ್ಥ ಮಾಡಿಸುವ ಎಂಜಿನಿಯರ್ ಪಕ್ಕದಲ್ಲಿರಬೇಕು. ಸರ್ವೇಯರ್‌ಗೆ ವಿಮಾ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಬೇಕು, ಅದಕ್ಕೆ ಎಂಜಿನಿಯರಿಂಗ್ ಪದವಿ ಒಂದು ಅರ್ಹತೆ. ಜಿಐಸಿ ಆರ್‌ಇ, ನ್ಯೂ ಇಂಡಿಯಾದಂಥ ಸರ್ಕಾರಿ ಸಂಸ್ಥೆಗಳ ಅಧಿಕಾರಿ ಹುದ್ದೆಗಳಿಗೂ ಎಂಜಿನಿಯರ್‌ಗಳು ಅರ್ಜಿ ಹಾಕಬಹುದು. ಕ್ಯಾಂಪಸ್‌ಗೆ ಬರುವ ಸಾಫ್ಟ್‌ವೇರ್ ಕಂಪನಿಗಳ ಪಟ್ಟಿಯನ್ನಷ್ಟೇ ನೋಡುತ್ತಾ ಕೂರುವ ನಾವು ಇಂಥ ಅಧಿಸೂಚನೆಗಳನ್ನೂ ಗಮನಿಸಬೇಕು.

ಹೊಸ ವಿಮಾನಗಳಿಗೆ ಸಾಲು ಸಾಲು ಆರ್ಡರ್ ಕೊಟ್ಟಿರುವ ದೇಶ ನಮ್ಮದು. ಜಿಲ್ಲೆಗೊಂದು ವಿಮಾನ ನಿಲ್ದಾಣ ಬೇಕೆಂದು ಕೇಳುವುದು ನಮಗೆ ರೂಢಿಯಾಗಿದೆ. ಅದರ ಜೊತೆಗೆ ಮೂರು ಸರಳ ಬೇಡಿಕೆಗಳನ್ನೂ ಸೇರಿಸೋಣ. ದೇಶೀಯ ಪ್ರಯಾಣಿಕನ ಮೊತ್ತ ಏರಲಿ ಮತ್ತು ನಿಯಮಿತವಾಗಿ ಪರಿಶೀಲನೆಯಾಗಲಿ. ಅಪಘಾತವಾದ ಇಂತಿಷ್ಟು ದಿನಗಳಲ್ಲಿ ಮೊದಲ ಕಂತು ಕುಟುಂಬದ ಕೈಗೆ ತಲುಪಲೇಬೇಕೆಂಬ ಕಾನೂನು ಬರಲಿ. ನೆಲದ ಮೇಲೆ ಸತ್ತವರಿಗೂ ಪ್ರಯಾಣಿಕರಷ್ಟೇ ಸ್ಪಷ್ಟವಾದ ಹಕ್ಕು ಇರಲಿ. ವಿಮಾನದ ಬೆಲೆಯನ್ನು ಮೊದಲೇ ಕೂತು ಒಪ್ಪಿಕೊಳ್ಳಲು ಸಾಧ್ಯವಾಗಿರುವಾಗ, ಇವಿಷ್ಟನ್ನು ಮೊದಲೇ ಬರೆದಿಡುವುದು ಅಸಾಧ್ಯವಾದ ಕೆಲಸವೇನಲ್ಲ.