ಔಟ್‌ಹೌಸ್ ಸ್ಪಾ ಆಯ್ತು, ಅಕ್ಕನ ಟಾಯ್ಲೆಟ್ ಎಲ್ಲಿ?



ಹಿತ್ತಲಿನ ಔಟ್‌ಹೌಸನ್ನ ಸ್ಪಾ ಮಾಡಿಸ್ಕೊಳ್ಳೋದು ಈಗ ಉಳ್ಳವರ ಹೊಸ ಷೋಕಿ. ನನಗೆ ಗೊತ್ತಿರೋ ಹಿರಿಯ ಅಧಿಕಾರಿಯೊಬ್ಬರು (ಹೆಸರು ಬೇಡ) ಮಲ್ಲೇಶ್ವರದ ತಾತನ ಕಾಲದ ಮನೇಲಿ ಮಾಡಿಸಿದ್ದಾರೆ. ಫೈಲಿಗೆ ಸೈನ್ ಹಾಕಿಸೋಕೆ ಹೋದಾಗ ಖುಷಿಯಿಂದ ತೋರಿಸಿದ್ರು. ಸ್ಟೀಮ್ ಮೆಷಿನ್ನು, ಮರದ ಹಲಗೆ ಹೊಡೆದ ಗೋಡೆ, ಇಬ್ಬರು ಕಾಲು ಚಾಚಿ ಕೂರುವಷ್ಟು ದೊಡ್ಡ ಟಬ್ಬು. ಮೂಲೇಲಿ ಹೊಸ ಕಮೋಡ್. ಹನ್ನೆರಡು ಲಕ್ಷ ಆಯ್ತಂತೆ. ಬಿಸಿನೀರು ಮೈಗೆ ಸುಖ, ಅದರಲ್ಲಿ ನನಗೇನೂ ತಕರಾರಿಲ್ಲ. ಎಂಟು ಗಂಟೆ ಕುರ್ಚಿ ಮೇಲೆ ಕೂತು ಟೈಪ್ ಮಾಡೋ ನನ್ನ ಸೊಂಟಕ್ಕೂ ಬೇಕು ಅದು.

ಆದರೆ ಆ ಕೋಣೆಗೆ ಹಿಂದುಗಡೆ ಒಂದು ಗಿಡ್ಡ ಬಾಗಿಲಿತ್ತು, ಈಗ ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ. ಅದರ ಗುರುತು ಹೊರಗಿನ ಓಣಿ ಕಡೆಯಿಂದ ಕಾಣುತ್ತೆ.

ಆ ಓಣಿಗೆ ಕನ್ಸರ್ವೆನ್ಸಿ ಅಂತ ಹೆಸರು. ಮಲ್ಲೇಶ್ವರ, ಬಸವನಗುಡಿಯ ಹಳೇ ಬೀದಿಗಳಲ್ಲಿ ಎರಡು ಸಾಲು ಮನೆಗಳ ಬೆನ್ನ ನಡುವೆ ಇವತ್ತಿಗೂ ಸಿಗುತ್ತೆ. ಕಾರು ನಿಲ್ಲಿಸೋಕೆ ಮಾಡಿದ್ದಲ್ಲ ಅದು. ಮುಂಬಾಗಿಲಿಗೆ ಕಾಲಿಡಬಾರದ ನಮ್ಮವರು ಹಿಂದಿನಿಂದ ಬಂದು, ಗಿಡ್ಡ ಬಾಗಿಲು ತೆಗೆದು, ಮಲ ತುಂಬ್ಕೊಂಡು ತಲೆ ಮೇಲೆ ಹೊತ್ಕೊಂಡು ಹೋಗ್ಲಿ ಅಂತ ನಕ್ಷೆ ಬರೆದು ಬಿಟ್ಟ ದಾರಿ. ಊರು ಕಟ್ಟಿದ ಇಂಜಿನಿಯರುಗಳು ಅಸ್ಪೃಶ್ಯತೆಗೂ ಇಂತಿಷ್ಟು ಅಡಿ ಅಂತ ಅಳೆದಿದ್ರು. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ನಮ್ಮ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿ ನಿಲ್ಲಿಸಿದ್ರು. ಬುಟ್ಟಿ ಹೋಯ್ತು, ಕೋಣೆ ಉಳೀತು. ಆಮೇಲೆ ಸೌದೆ ತುಂಬಿದ್ರು, ಕೆಲಸದವರನ್ನ ಇಟ್ರು. ಈಗ ಸ್ಪಾ.

ಅದನ್ನ ತೊಳೆಯೋದು ಒಬ್ಬ ಅಕ್ಕ. ಟಬ್ಬು ಉಜ್ಜಬೇಕು, ಕಮೋಡ್ ಫಳಫಳ ಅನ್ನಿಸಬೇಕು. ಬಳಸೋ ಹಾಗಿಲ್ಲ. ಬೆಳಿಗ್ಗೆ ಏಳಕ್ಕೆ ಬಂದವರು ಹೊರಡೋದು ಎರಡೂವರೆಗೆ. ನಡುವೆ ಎಲ್ಲಿಗೆ ಹೋಗ್ತೀರಿ ಅಂತ ಕೇಳಿದೆ. "ನೀರು ಕುಡಿಯಲ್ಲ ಕಣಣ್ಣ" ಅಂದ್ರು.

ಸಾವಿರ ಲೀಟರ್ ಹತ್ತಿರ ನೀರು ಹಿಡಿಯೋ ಟಬ್ಬಿನ ಪಕ್ಕ ನಿಂತು ಈ ಮಾತು! ಇದೇ ಬೆಂಗಳೂರಲ್ಲಿ 2024ರ ಮಾರ್ಚ್‌ನಲ್ಲಿ, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆ ನೀರು ಮುಟ್ಟಿದ್ರು. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ ಅಂತ ಹೆಸರು ಹಿಡಿದೇ ಹೇಳುತ್ತೆ. ಅದು ಸಾರ್ವಜನಿಕ ಜಾಗದ ಮಾತು. ನೀರನ್ನೇ ಕಾಂಪೌಂಡ್ ಒಳಗೆ ಎಳ್ಕೊಂಡವರಿಗೆ ಆ ಮಾತು ತಟ್ಟಲ್ಲ. 17ನೇ ವಿಧಿ ಮನೆಯೊಳಗೂ ಬರುತ್ತೆ ನಿಜ, ಆದರೆ ಜಾತಿ ಅಂತ ಬಾಯಿಬಿಟ್ಟು ಹೇಳೋ ದಡ್ಡರು ಈಗ ಯಾರಿದ್ದಾರೆ? "ಹೈಜೀನ್" ಅಂತಾರೆ. ಹೈಜೀನ್ ಮೇಲೆ ಅಟ್ರಾಸಿಟಿ ಕೇಸು ಹಾಕಿ ನೋಡೋಣ, ಸ್ಟೇಷನ್‌ನಲ್ಲೇ ನಗ್ತಾರೆ.

ಅದಕ್ಕೇ ನನ್ನ ವಾದ, ಇದನ್ನ ಮಾಲೀಕರ ಒಳ್ಳೇತನಕ್ಕೆ ಬಿಡಬಾರದು. ದೊಡ್ಡ ಮನೆಗೆ ಪ್ಲಾನ್ ಸ್ಯಾಂಕ್ಷನ್ ಕೊಡುವಾಗ, ಔಟ್‌ಹೌಸ್ ಬದಲಾಯಿಸೋಕೆ ಪರ್ಮಿಷನ್ ಕೊಡುವಾಗ, ಕೆಲಸದವರಿಗೆ ಟಾಯ್ಲೆಟ್ ತೋರಿಸದೇ ಇದ್ರೆ ಸೀಲ್ ಬೀಳಬಾರದು. ಅಪಾರ್ಟ್‌ಮೆಂಟ್‌ಗಳಿಗೂ ಅಷ್ಟೆ. ಓಣಿಗೆ ಅಡಿ ಲೆಕ್ಕ ಬರೆದ ಸರ್ಕಾರಿ ನಕ್ಷೆಗೆ ಇದನ್ನ ಬರೆಯೋದು ಕಷ್ಟವೇನಲ್ಲ.

ಭಾನುವಾರದ ಸಭೇಲಿ ಈ ಬೇಡಿಕೆ ಇಡ್ತೀನಿ. ಮನೆಗೆಲಸದ ಅಕ್ಕಂದಿರನ್ನ ಕರ್ಕೊಂಡು ಬನ್ನಿ. ಬೆಳಿಗ್ಗೆ ಬೇಡ, ಮೂರು ಗಂಟೆ ಮೇಲೆ ಇಟ್ಕೊಂಡಿದ್ದೀವಿ. ಅವರ ಕೆಲಸ ಮುಗಿಯೋದೇ ಆವಾಗ.