ಕೋಣೆಯೋ, ವಾಹನವೋ? ಗಂಡಿಕೋಟದ ದಾರಿಯಲ್ಲಿ ಕ್ಯಾರವಾನ್ ವ್ಯವಹಾರದ ಲೆಕ್ಕ

ಬೆಂಗಳೂರಿನ ಉತ್ತರ ಭಾಗದ ಸಣ್ಣ ಉದ್ಯಮಿಗಳ ಗಮನವನ್ನು ಇತ್ತೀಚಿನ ವರ್ಷಗಳಲ್ಲಿ ಸೆಳೆದಿರುವ ವ್ಯವಹಾರಗಳಲ್ಲಿ ಕ್ಯಾರವಾನ್ ಪ್ರವಾಸವೂ ಒಂದು. ಹಾಸಿಗೆ, ಪುಟ್ಟ ಅಡುಗೆಮನೆ, ಶೌಚಾಲಯ, ನೀರಿನ ಟ್ಯಾಂಕು, ಬ್ಯಾಟರಿ ಇವೆಲ್ಲವನ್ನೂ ಒಡಲಲ್ಲಿಟ್ಟುಕೊಂಡ ಗಾಡಿಯನ್ನು ಎರಡು ಮೂರು ದಿನಗಳ ಮಟ್ಟಿಗೆ ಕುಟುಂಬಗಳಿಗೆ ಬಾಡಿಗೆಗೆ ಕೊಡುವುದು ಇದರ ತಿರುಳು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಕ್ಯಾರವಾನ್ ಹಾಗೂ ಕ್ಯಾರವಾನ್ ಶಿಬಿರ ತಾಣಗಳಿಗೆಂದೇ 2009ರಲ್ಲಿ ನೀತಿಯೊಂದನ್ನು ರೂಪಿಸಿತ್ತು. ಕೇರಳವು 2021ರ ಸೆಪ್ಟೆಂಬರಿನಲ್ಲಿ ತನ್ನದೇ ಆದ ಯೋಜನೆಯನ್ನು ಪ್ರಕಟಿಸಿತು. ಮಹಾರಾಷ್ಟ್ರವೂ ಅದೇ ವರ್ಷ ಕೈಹಾಕಿತು. ನೀತಿಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಗಾಡಿ ಕೊಳ್ಳುವವನು ಬ್ಯಾಂಕಿನ ಮುಂದೆ ಕೂರುವ ಮೊದಲು ಮಾಡಬೇಕಾದ ಲೆಕ್ಕಕ್ಕೆ.

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯವರಿಗೆ ಈ ವ್ಯವಹಾರದಲ್ಲಿ ಒಂದು ಸಹಜ ಅನುಕೂಲವಿದೆ. ರಾಷ್ಟ್ರೀಯ ಹೆದ್ದಾರಿ 44 ಅವರ ಮನೆಬಾಗಿಲಲ್ಲೇ ಹಾದುಹೋಗುತ್ತದೆ. ನಗರದ ಒಳಗಿನ ದಟ್ಟಣೆಯನ್ನು ಹಾಯದೆ ಹೊರಟ ಗಾಡಿಯು ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳನ್ನು ದಾಟಿ, ಕೊಡಿಕೊಂಡದ ಬಳಿ ಆಂಧ್ರಪ್ರದೇಶವನ್ನು ಪ್ರವೇಶಿಸಿ, ಕದಿರಿ, ಪುಲಿವೆಂದುಲ, ಜಮ್ಮಲಮಡುಗು ಮಾರ್ಗವಾಗಿ ಗಂಡಿಕೋಟವನ್ನು ತಲುಪಬಹುದು. ಒಟ್ಟು ದೂರ ಸುಮಾರು 280 ಕಿಲೋಮೀಟರು. ಎರಮಲ ಬೆಟ್ಟಸಾಲನ್ನು ಕೊರೆದು ನದಿ ನಿರ್ಮಿಸಿರುವ ಅಲ್ಲಿನ ಕೆಂಪು ಬಂಡೆಗಳ ಕಮರಿಯನ್ನು ಪ್ರಚಾರ ಪತ್ರಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಲಿಸುವುದು ವಾಡಿಕೆ. ಹೋಲಿಕೆ ತುಸು ದೊಡ್ಡದಾಯಿತು ಎನ್ನಬಹುದಾದರೂ ದೃಶ್ಯ ಸಾಮಾನ್ಯದ್ದಲ್ಲ. ಆ ಕಮರಿಯನ್ನು ಕೊರೆದ ಪೆನ್ನಾರ್ ಅಥವಾ ಉತ್ತರ ಪಿನಾಕಿನಿ ಹುಟ್ಟುವುದು ನಂದಿಬೆಟ್ಟದ ಸಾಲಿನ ಚೆನ್ನಕೇಶವ ಬೆಟ್ಟದಲ್ಲಿ. ಅಂದರೆ ಯಲಹಂಕದಿಂದ ಒಂದು ಗಂಟೆಯ ಹಾದಿಯಲ್ಲಿ. 597 ಕಿಲೋಮೀಟರು ಹರಿಯುವ ಈ ನದಿ ಗೌರಿಬಿದನೂರು, ಹಿಂದೂಪುರಗಳ ಕಡೆಯಿಂದ ಸಾಗಿ ಸಮುದ್ರ ಸೇರುವ ಮೊದಲು ಗಂಡಿಕೋಟದ ಬಂಡೆಗಳನ್ನು ಸೀಳುತ್ತದೆ. ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ 1652ರಲ್ಲಿ ಗೋಲ್ಕೊಂಡದ ಸೇನಾಪತಿ ಮೀರ್ ಜುಮ್ಲಾನನ್ನು ಕಾಣಲು ಹೋದದ್ದು ಇದೇ ಕೋಟೆಗೆ. ವ್ಯಾಪಾರದ ಸಲುವಾಗಿ ಆ ಬಿಸಿಲ ನಾಡಿಗೆ ಪ್ರಯಾಣ ಬೆಳೆಸಿದವರಲ್ಲಿ ಇಂದಿನವರೇನೂ ಮೊದಲಿಗರಲ್ಲ. 2024ರಲ್ಲಿ ಕೇಂದ್ರ ಸರ್ಕಾರವು ಗಂಡಿಕೋಟದ ಅಭಿವೃದ್ಧಿಗೆ ಸುಮಾರು 78 ಕೋಟಿ ರೂಪಾಯಿಗಳ ಯೋಜನೆಗೆ ಮಂಜೂರಾತಿ ನೀಡಿರುವುದರಿಂದ ಪ್ರವಾಸಿಗರ ಸಂಖ್ಯೆ ಹೆಚ್ಚುವ ನಿರೀಕ್ಷೆಯೂ ಅಸಹಜವಲ್ಲ.

ಆದರೆ ಹವಾಮಾನವೆಂಬ ಪಾಲುದಾರನನ್ನು ಯೋಜನಾ ವರದಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯುಗಾದಿಯ ನಂತರ ಶಾಲೆಗಳಿಗೆ ರಜೆ ಬರುತ್ತದೆ. ಬೇಡಿಕೆ ಹೆಚ್ಚುವುದು ಆಗಲೇ. ಹವೆ ನಂಬಲಾಗದಂತಾಗುವುದೂ ಆಗಲೇ. ಬೆಂಗಳೂರಿನಲ್ಲಿ 2001ರ ಏಪ್ರಿಲ್‌ನಲ್ಲಿ 323.8 ಮಿಲಿಮೀಟರು ಮಳೆ ಸುರಿದು ದಾಖಲೆಯಾಯಿತು. 2024ರ ಏಪ್ರಿಲ್‌ನಲ್ಲಿ ನಗರದ ಮಾಪನ ಕೇಂದ್ರದಲ್ಲಿ ಲೆಕ್ಕಕ್ಕೆ ಸಿಗುವ ಮಳೆಯೇ ಬೀಳಲಿಲ್ಲ. 2023ರ ಮೇ ತಿಂಗಳಲ್ಲಿ 305.4 ಮಿಲಿಮೀಟರು; ಎರಡೇ ವರ್ಷಗಳಲ್ಲಿ, 2025ರ ಮೇ ತಿಂಗಳಲ್ಲಿ, ಅದನ್ನೂ ಮೀರಿ 307.9. ಅಶ್ವಿನಿ, ಭರಣಿ, ಕೃತ್ತಿಕೆ ಎಂದು ನಕ್ಷತ್ರಗಳ ಹೆಸರಿನಲ್ಲಿ ಮಳೆಯನ್ನು ಗುರುತಿಸಿ ಬಿತ್ತನೆಗೆ ಅಣಿಯಾಗುತ್ತಿದ್ದ ರೈತನಿಗೆ ಈ ಅನಿಶ್ಚಿತತೆ ಹಳೆಯದು. ಮಾಸಿಕ ಕಂತು ಕಟ್ಟುವ ಗಾಡಿ ಮಾಲೀಕನಿಗೆ ಅದು ಹೊಸದು.

ಹೆಬ್ಬಾಳದಲ್ಲಿ ಗುಡುಗು ಮಳೆ ಸುರಿಯುತ್ತಿರುವಾಗ ಅತ್ತ ಕಡಪದಲ್ಲಿ 40 ಡಿಗ್ರಿಗೂ ಮೀರಿದ ಬಿಸಿಲಿರುವುದು ಅಪರೂಪವೇನಲ್ಲ. ಅನಂತಪುರದ ಸೀಮೆ ಎರಡೂ ಮುಂಗಾರು ಹಿಂಗಾರುಗಳ ಮಳೆನೆರಳಿನಲ್ಲಿದೆ. ಹಗಲೆಲ್ಲ ಕಾದ ಬಂಡೆ ರಾತ್ರಿಯೂ ಶಾಖವನ್ನು ಬಿಡುತ್ತಿರುತ್ತದೆ. ನಿಂತ ಗಾಡಿಯೊಳಗೆ ಎಸಿ ಇಲ್ಲದೆ ಮಕ್ಕಳು ಮಲಗುವಂತಿಲ್ಲ, ಹೊರಗಿನ ವಿದ್ಯುತ್ ಸಂಪರ್ಕವಿಲ್ಲದೆ ಎಸಿ ರಾತ್ರಿಯಿಡೀ ಓಡುವಂತಿಲ್ಲ. ಮಳೆಯ ಅಪಾಯ ಬೇರೆ ಬಗೆಯದು. ಅಮೆರಿಕದ ಅರಿಜೋನಾದ ಆಂಟಿಲೋಪ್ ಕಮರಿಯಲ್ಲಿ 1997ರ ಆಗಸ್ಟ್ 12ರಂದು 11 ಮಂದಿ ಪ್ರವಾಸಿಗರು ಕೊಚ್ಚಿಹೋದರು. ಮಳೆ ಬಿದ್ದದ್ದು ಅವರ ತಲೆಯ ಮೇಲಲ್ಲ, ಮೈಲಿಗಳಾಚೆ ಮೇಲ್ಭಾಗದಲ್ಲಿ. ಮೋಟಾರು ಮನೆಗಳ ಪ್ರವಾಸಕ್ಕೆ ಹೆಸರಾದ ಆ ಸೀಮೆಯ ಎತ್ತರದ ಬ್ರೈಸ್ ಕ್ಯಾನ್ಯನ್‌ನಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುವುದುಂಟು. ಒಣಗಿದ ಹಳ್ಳದ ಪಾತ್ರದಲ್ಲಿ ಗಾಡಿ ನಿಲ್ಲಿಸಬಾರದೆಂಬುದು ಅಲ್ಲಿ ಪಾಠವಾಗಿದೆ. ಇಲ್ಲಿ ಚಿತ್ರ ಚೆನ್ನಾಗಿ ಬರುತ್ತದೆಂದು ಹಳ್ಳದ ದಂಡೆಗೇ ಗಾಡಿ ಇಳಿಸುವವರಿದ್ದಾರೆ.

ಅಷ್ಟು ದೂರ ಹೋಗುವುದೂ ಬೇಡ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಸಂಜೆಯ ಒಂದೇ ಮಳೆಗೆ ಕಾರು ಮುಳುಗಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಎತ್ತರದ ಕ್ಯಾರವಾನ್‌ಗೆ ರೈಲ್ವೆ ಕೆಳಸೇತುವೆಗಳು ಮೊದಲೇ ಸಮಸ್ಯೆ; ನೀರು ನಿಂತಾಗ ಇನ್ನೂ ಹೆಚ್ಚು. ಮನೆಯಿಂದ ಹೆದ್ದಾರಿಗೆ ಬರುವ ಎರಡು ಮೂರು ಕಿಲೋಮೀಟರುಗಳೇ ಇಡೀ ಪ್ರಯಾಣದ ಅತಿ ಅಪಾಯದ ಭಾಗವಾಗಿರಬಹುದೆಂಬುದನ್ನು ಚಾಲಕನಿಗೆ ತಿಳಿಸಿ ಹೇಳುವವರು ಕಡಿಮೆ.

ಈಗ ಅಂಕಿಗಳಿಗೆ ಬರೋಣ. ಒಂದು ಉದಾಹರಣೆಯನ್ನಷ್ಟೇ ತೆಗೆದುಕೊಂಡರೆ, 40 ಲಕ್ಷ ರೂಪಾಯಿಯ ಗಾಡಿಗೆ 30 ಲಕ್ಷ ಸಾಲ, ಶೇ. 11ರ ಬಡ್ಡಿ, ಐದು ವರ್ಷಗಳ ಅವಧಿ ಎಂದಿಟ್ಟುಕೊಂಡರೆ ಮಾಸಿಕ ಕಂತು ಸುಮಾರು 65,200 ರೂಪಾಯಿ, ವರ್ಷಕ್ಕೆ 7.83 ಲಕ್ಷ. ಚಾಲಕನ ಸಂಬಳ 3 ಲಕ್ಷ, ವಿಮೆ, ತೆರಿಗೆ, ಪರವಾನಗಿಗೆ 2 ಲಕ್ಷ, ನಿಲುಗಡೆ ಮತ್ತು ದುರಸ್ತಿಗೆ 1.80 ಲಕ್ಷ. ಒಟ್ಟು 14.63 ಲಕ್ಷ. ದಿನಕ್ಕೆ 14,000 ಬಾಡಿಗೆ ಬಂದು ಅದರಲ್ಲಿ 4,000 ಡೀಸೆಲ್, ಟೋಲ್, ತೊಳೆಯುವಿಕೆಗೆ ಹೋದರೆ ಕೈಗುಳಿಯುವುದು 10,000. ಅಂದರೆ ಖರ್ಚು ಸರಿದೂಗಲು ವರ್ಷಕ್ಕೆ 146 ದಿನ ಗಾಡಿ ಓಡಬೇಕು. ಸ್ವಂತ ಹಣವಾದ 10 ಲಕ್ಷಕ್ಕೆ ಬಡ್ಡಿಯನ್ನೇ ಇಲ್ಲಿ ಲೆಕ್ಕ ಹಿಡಿದಿಲ್ಲ. ವರ್ಷದ ಶನಿವಾರ, ಭಾನುವಾರಗಳೆಲ್ಲ ಸೇರಿದರೆ 104 ದಿನ. ಪ್ರತಿಯೊಂದು ವಾರಾಂತ್ಯವೂ ತುಂಬಿದರೂ ಇನ್ನು 42 ದಿನಗಳ ಕೊರತೆ ಉಳಿಯುತ್ತದೆ. ಅದನ್ನು ತುಂಬಬೇಕಾದದ್ದು ಇದೇ ಬೇಸಿಗೆ ರಜೆ ಮತ್ತು ದಸರಾ ರಜೆ. ಬೇಸಿಗೆಯಲ್ಲಿ ಎರಡೆರಡು ದಿನದ ಹತ್ತು ಬುಕಿಂಗ್‌ಗಳು ಮಳೆ ಅಥವಾ ಬಿಸಿಲಿನ ಕಾರಣ ರದ್ದಾಗಿ ಪೂರ್ತಿ ಹಣ ಹಿಂದಿರುಗಿಸಬೇಕಾಗಿ ಬಂದರೆ ಎರಡು ಲಕ್ಷ ಹೋಯಿತು. ಮೂರು ತಿಂಗಳ ಕಂತಿಗೆ ಸಮ. ವರ್ಷಕ್ಕೆ 250 ದಿನ ಗಾಡಿ ಓಡುತ್ತದೆಂದು ತೋರಿಸುವ ಯೋಜನಾ ವರದಿಗೆ ಸಾಲ ಮಂಜೂರಾಗಬಹುದು. ಮನೆಯನ್ನು ಅಡವಿಟ್ಟವನಿಗೆ ಅಂಥ ವರದಿಯಿಂದ ಉಪಕಾರವಾಗದು.

ತೆರಿಗೆಯ ವಿಷಯದಲ್ಲಂತೂ ಕಾನೂನು ಇನ್ನೂ ಕ್ಯಾರವಾನನ್ನು ಕಣ್ತೆರೆದು ನೋಡಿಲ್ಲ. ಹೋಟೆಲಿನ ಕೋಣೆಗೆ ದಿನದ ದರ 7,500 ರೂಪಾಯಿ ಮೀರದಿದ್ದರೆ 2025ರ ಸೆಪ್ಟೆಂಬರ್ 22ರಿಂದ ಹೂಡುವಳಿ ತೆರಿಗೆ ಜಮೆಯಿಲ್ಲದೆ ಶೇ. 5 ಜಿಎಸ್‌ಟಿ. ಚಾಲಕನ ಸಹಿತ, ಇಂಧನವೂ ಸೇರಿದಂತೆ ವಾಹನ ಬಾಡಿಗೆಗೆ ಕೊಟ್ಟರೆ ಸೀಮಿತ ಜಮೆಯೊಡನೆ ಶೇ. 5, ಇಲ್ಲವೇ ಪೂರ್ಣ ಜಮೆಯೊಡನೆ ಶೇ. 18. ಚಾಲಕನಿಲ್ಲದೆ ಗಾಡಿಯನ್ನಷ್ಟೇ ಕೊಟ್ಟರೆ ಆ ಗಾಡಿಯ ಮಾರಾಟಕ್ಕೆ ಯಾವ ದರವೋ ಬಾಡಿಗೆಗೂ ಅದೇ ದರ. ಸುಂಕದ ಪಟ್ಟಿಯಲ್ಲಿ ಮೋಟಾರು ಮನೆಗಳು ಕಾರುಗಳ 8703ನೆಯ ಶೀರ್ಷಿಕೆಯಡಿ ಬರುತ್ತವೆ. ಎಳೆದೊಯ್ಯುವ ಕ್ಯಾರವಾನ್ ಟ್ರೈಲರು 8716ರಡಿ ಹೋಗುತ್ತದೆ. ಒಂದೇ ಹಾಸಿಗೆ, ಒಂದೇ ಒಲೆ. ಕರಾರುಪತ್ರದ ಒಂದು ವಾಕ್ಯದ ಮೇಲೆ ತೆರಿಗೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಇದರ ಮೇಲೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮು ಚಾಲಕನೂ ಸೇರಿ 13 ಜನರಿಗೆ ಮೀರದ ಪ್ರಯಾಣಿಕ ವಾಹನಗಳ ಮೇಲಿನ ಜಮೆಯನ್ನು ತಡೆಯುತ್ತದೆ. ಪ್ರಯಾಣಿಕರ ಸಾಗಣೆಗೆ ವಿನಾಯಿತಿ ಇದೆ. ಆದರೆ ಎರಡು ದಿನ ಕಮರಿಯ ಅಂಚಿನಲ್ಲಿ ನಿಂತೇ ಇರುವ ಗಾಡಿ ಪ್ರಯಾಣಿಕರನ್ನು ಸಾಗಿಸುತ್ತಿದೆಯೇ ಎಂದು ಅಧಿಕಾರಿ ಪ್ರಶ್ನಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಆದಾಯ ತೆರಿಗೆಯಲ್ಲೂ ಬಾಡಿಗೆಗೆ ಓಡುವ ವಾಹನಕ್ಕೆ ಶೇ. 30ರ ಸವಕಳಿ, ಹೋಟೆಲ್ ಕಟ್ಟಡಕ್ಕೆ ಶೇ. 10. ಗಾಡಿಯನ್ನು ವಾಹನವೆಂದೇ ತೋರಿಸುವುದು ಲಾಭ. ಆದರೆ ಒಂದು ಇಲಾಖೆಗೆ ವಾಹನ, ಇನ್ನೊಂದಕ್ಕೆ ಕೋಣೆ ಎಂದು ಹೇಳುವ ಜಾಣತನ ಬಹಳ ಕಾಲ ನಡೆಯದು.

ಚಾಲಕನಿಲ್ಲದೆ ಕೊಡುವ ಆಲೋಚನೆಯಿರುವವರು ಮತ್ತೊಂದು ಸಂಗತಿಯನ್ನು ತಿಳಿದಿರಬೇಕು. 1989ರ ರೆಂಟ್ ಎ ಕ್ಯಾಬ್ ಯೋಜನೆಯಡಿ ಪರವಾನಗಿ ಪಡೆಯಲು ಕನಿಷ್ಠ 50 ಕ್ಯಾಬ್‌ಗಳಿರಬೇಕು. ಒಂದೋ ಎರಡೋ ಗಾಡಿ ಇಟ್ಟವನಿಗೆ ಆ ಬಾಗಿಲು ಮುಚ್ಚಿದಂತೆಯೇ. ಆದ್ದರಿಂದ ಚಾಲಕನ ಸಂಬಳವನ್ನು ಉಳಿಸಬಹುದಾದ ಬಾಬ್ತು ಎಂದು ತಿಳಿಯುವುದು ತಪ್ಪು. ಬಿಳಿಯ ಫಲಕದ ಸ್ವಂತ ಗಾಡಿಯನ್ನು ಪರಿಚಯಸ್ಥರಿಗೆ ಎಂದು ಹೇಳಿ ಬಾಡಿಗೆಗೆ ಬಿಡುವ ಪದ್ಧತಿ ಒಂದು ಅಪಘಾತದವರೆಗೆ ಮಾತ್ರ ಅಗ್ಗ. ಅನಂತರ ವಿಮಾ ಕಂಪನಿ ಹಣ ಕೊಡಲು ನಿರಾಕರಿಸಿದರೆ ಕೇಳುವ ಮುಖವಿರದು. ಹೊರರಾಜ್ಯಕ್ಕೆ ಹೋಗುವ ಗಾಡಿಗೆ ಅಖಿಲ ಭಾರತ ಪ್ರವಾಸಿ ಪರವಾನಗಿ ಮಾಡಿಸುವುದೇ ಕ್ಷೇಮ. 2023ರ ನಿಯಮಗಳ ನಂತರ ಅದು ಮೊದಲಿಗಿಂತ ಸುಲಭವಾಗಿದೆ.

ವಿಮೆಯ ಮಾತು ಬಂದಾಗ ಯಲಹಂಕದವರು 2019ರ ಫೆಬ್ರವರಿ 23ನ್ನು ಮರೆತಿರಲಾರರು. ವೈಮಾನಿಕ ಪ್ರದರ್ಶನದ ವಾಹನ ನಿಲುಗಡೆ ಜಾಗದಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ಸುಮಾರು 300 ಕಾರುಗಳನ್ನು ಬೂದಿ ಮಾಡಿತು. ಸಮಗ್ರ ವಿಮೆ ಇದ್ದವರಿಗೆ ಪರಿಹಾರದ ದಾರಿಯಿತ್ತು; ಮೂರನೆಯವರ ವಿಮೆಯನ್ನಷ್ಟೇ ಇಟ್ಟುಕೊಂಡವರಿಗೆ ತಮ್ಮ ಗಾಡಿಗಾಗಿ ಅದೂ ಇರಲಿಲ್ಲ. ಬೇಸಿಗೆಯ ಒಣಹುಲ್ಲಿನ ಮೇಲೆ ನಿಲ್ಲುವ, ಒಳಗೆ ಅನಿಲದ ಒಲೆಯಿರುವ ಗಾಡಿಗೆ ಇದಕ್ಕಿಂತ ಹತ್ತಿರದ ಎಚ್ಚರಿಕೆ ಬೇಕಿಲ್ಲ. ಹಾಸಿಗೆ, ಫ್ರಿಜ್ಜು, ಎಸಿ ಮುಂತಾಗಿ ಒಳಗೆ ಅಳವಡಿಸಿದ ವಸ್ತುಗಳ ಮೌಲ್ಯವನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಬರೆಯಿಸದಿದ್ದರೆ ಸಿಗುವುದು ಚಾಸಿಯ ಬೆಲೆ ಮಾತ್ರ. ನೀರು ಹೊಕ್ಕು ಇಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿ ಹಲವು ವೇಳೆ ಕೈಬಿಡುತ್ತದೆ. ಇಂಜಿನ್ ರಕ್ಷಣೆಯ ಹೆಚ್ಚುವರಿ ಕಂತಿನ ಕೆಲವು ಸಾವಿರಗಳನ್ನು ಉಳಿಸುವುದು ಉಳಿತಾಯವಲ್ಲ.

ಗ್ರಾಹಕನೊಡನೆ ಕಲಹ ಬರುವುದು ಹೆಚ್ಚಾಗಿ ರದ್ದತಿಯ ವಿಷಯದಲ್ಲಿ. ಮಳೆ ಬರಬಹುದೆಂದು ಗ್ರಾಹಕ ಹಿಂಜರಿಯುತ್ತಾನೆ, ಬರಲಾರದೆಂದು ಮಾಲೀಕ ವಾದಿಸುತ್ತಾನೆ. ಇಬ್ಬರದೂ ಆಕಾಶ ನೋಡಿ ಹೇಳುವ ಮಾತು. ಇದಕ್ಕೆ ಸರಳ ಮಾರ್ಗವಿದೆ. ಭಾರತೀಯ ಹವಾಮಾನ ಇಲಾಖೆಯು ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಬಣ್ಣದ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ಹೊರಡುವ ಹಿಂದಿನ ದಿನ ದಾರಿಯ ಯಾವುದೇ ಜಿಲ್ಲೆಗೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆಯಿದ್ದರೆ ಗ್ರಾಹಕನು ಶುಲ್ಕವಿಲ್ಲದೆ ಆರು ತಿಂಗಳೊಳಗಿನ ಬೇರೆ ದಿನಾಂಕ ಪಡೆಯಬಹುದು, ಮಾಲೀಕನೂ ಪ್ರಯಾಣವನ್ನು ಮುಂದೂಡಬಹುದು. ಎಚ್ಚರಿಕೆಯಿಲ್ಲದೆ ರದ್ದು ಮಾಡಿದರೆ ನಿಗದಿತ ಕಡಿತ ಎಂದು ಕರಾರಿನಲ್ಲಿ ಬರೆದರೆ ವಾದಕ್ಕೆ ಎಡೆಯಿರದು. ಶಾಖದ ಎಚ್ಚರಿಕೆಗೂ ಇದೇ ಷರತ್ತು ಅನ್ವಯಿಸಬೇಕು. ವೃದ್ಧರೂ ಮಕ್ಕಳೂ ಇರುವ ಕುಟುಂಬಕ್ಕೆ ಮಳೆಗಿಂತ ಅದೇ ಕಷ್ಟ. ಮುಂಗಡ ಪಡೆದ ಕೂಡಲೇ ಸೇವೆಯ ಮೇಲಿನ ಜಿಎಸ್‌ಟಿ ಹೊಣೆ ಹುಟ್ಟುವುದರಿಂದ, ಹಣ ಹಿಂದಿರುಗಿಸಿದಾಗ ರೀಫಂಡ್ ವೋಚರ್ ಬರೆಯುವುದನ್ನು ಮರೆಯಬಾರದು. ಕಡಿತ ಮಾಡಿಕೊಂಡ ರದ್ದತಿ ಶುಲ್ಕಕ್ಕೂ ಮೂಲ ಸೇವೆಯಂತೆಯೇ ತೆರಿಗೆ ಎಂಬುದನ್ನು 2022ರ ಆಗಸ್ಟ್ 3ರ ಸುತ್ತೋಲೆ ಸ್ಪಷ್ಟಪಡಿಸಿದೆ.

ಸರ್ಕಾರದ ಮುಂದೆ ವಾಣಿಜ್ಯ ಸಂಸ್ಥೆಗಳು ಇಡಬೇಕಾದ ಬೇಡಿಕೆಯೂ ಸಬ್ಸಿಡಿಯದಾಗಬೇಕಿಲ್ಲ. ಕ್ಯಾರವಾನ್ ಸೇವೆಯ ವರ್ಗೀಕರಣದ ಬಗ್ಗೆ ಒಂದು ಸ್ಪಷ್ಟನೆಯನ್ನು ಜಿಎಸ್‌ಟಿ ಮಂಡಳಿಯಿಂದ ಪಡೆಯುವುದು ಮೊದಲ ಕೆಲಸ. ಅಲ್ಲಿಯವರೆಗೆ ದೊಡ್ಡ ಮೊತ್ತ ಹೂಡುವವರು ಮುಂಗಡ ತೀರ್ಪಿನ ಪ್ರಾಧಿಕಾರದ ಮೊರೆ ಹೋಗುವುದು ಒಳಿತು. ಎರಡನೆಯದು ನೆಲದ ವಿಷಯ. ಲಾರಿಗಳಿಗೆ ಯಶವಂತಪುರದಲ್ಲಿ ದೇವರಾಜ ಅರಸು ಟ್ರಕ್ ಟರ್ಮಿನಲ್ಸ್‌ನ ನಿಲ್ದಾಣವಿದೆ. ಕ್ಯಾರವಾನ್‌ಗಳಿಗೆ ನಗರದ ಉತ್ತರದಲ್ಲಿ ಅಂಥ ಒಂದು ಎಕರೆಯ ವ್ಯವಸ್ಥೆಯೂ ಇಲ್ಲ. ಗಾಡಿಗಳು ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ ನೆರೆಯವರ ಕೋಪಕ್ಕೆ ಗುರಿಯಾಗಿ ನಿಲ್ಲುತ್ತವೆ. ಪ್ರವಾಸ ಮುಗಿಸಿ ಬಂದ ಶೌಚದ ಟ್ಯಾಂಕು ಎಲ್ಲಿ ಖಾಲಿಯಾಗುತ್ತದೆಂಬುದನ್ನು ಯಾರೂ ಕೇಳುವುದಿಲ್ಲ, ಕೇಳದಿರುವುದೇ ಎಲ್ಲರಿಗೂ ಅನುಕೂಲ. ವಿಮಾನ ನಿಲ್ದಾಣದ ಹೆದ್ದಾರಿಗೆ ಹೊಂದಿಕೊಂಡು, ಒಳಚರಂಡಿ ಸಂಪರ್ಕ, ನೀರು, ವಿದ್ಯುತ್ ಮತ್ತು ಕಾವಲಿರುವ ಹತ್ತಿಪ್ಪತ್ತು ಗಾಡಿಗಳ ತಂಗುದಾಣವೊಂದನ್ನು ಬಾಡಿಗೆ ಆಧಾರದ ಮೇಲೆ ನಿರ್ಮಿಸಲು ದೊಡ್ಡ ಬಂಡವಾಳ ಬೇಕಾಗದು. ಮಾಲೀಕರೇ ಸಹಕಾರಿ ತತ್ತ್ವದ ಮೇಲೆ ಒಂದುಗೂಡಿ ಜಾಗ ಗುತ್ತಿಗೆಗೆ ಪಡೆದರೆ ಸರ್ಕಾರಕ್ಕೆ ಕಾಯಬೇಕಾಗಿಯೂ ಇಲ್ಲ; ಮೇಲಿನ ಲೆಕ್ಕದಲ್ಲಿ ನಿಲುಗಡೆಗೆಂದು ತೆಗೆದಿರಿಸಿದ ಹಣವೇ ಅದರ ಬಾಡಿಗೆಗೆ ಆದೀತು.