ಕೇದರ ಮೀನೂ ನಮ್ಮ ಋಣವೂ

ಈ ದೇಶದ ಅಂಗಡಿಗಳಲ್ಲಿ ಟ್ಯೂನಾ ಮೀನಿನ ಡಬ್ಬಿ ಅಗ್ಗದ ಪದಾರ್ಥ. ಮಕ್ಕಳು ಚಿಕ್ಕವರಿದ್ದಾಗ ನಾನೂ ಬೆಲೆಯೊಂದನ್ನೇ ನೋಡಿ ಕೊಳ್ಳುತ್ತಿದ್ದೆ. ಮಂಗಳೂರಿನ ನಮ್ಮ ಮನೆಯಲ್ಲಿ ‘ಕೇದರ’ ಎನ್ನುತ್ತಿದ್ದ ಮೀನೇ ಇದೆಂದು ತಿಳಿದದ್ದು ತಡವಾಗಿ. ಸಸ್ಯಾಹಾರಿ ಬಾಂಧವರು ಮನ್ನಿಸಬೇಕು. ನಾನು ಹೇಳಹೊರಟಿರುವುದು ಅಡುಗೆಯ ಮಾತಲ್ಲ, ದುಡಿಯುವವರ ಅನ್ನದ ಮಾತು.

ಮಂಗಳೂರಿನ ಹಳೆಯ ಬಂದರಿಗೆ ಲಕ್ಷದ್ವೀಪದ ಮಂಜಿಗಳು ಬರುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ಅಲ್ಲಿಂದ ಕೊಬ್ಬರಿ ಬರುತ್ತಿತ್ತು. ಇಲ್ಲಿಂದ ಅಕ್ಕಿ, ದಿನಸಿ ಹೋಗುತ್ತಿತ್ತು. ಅಮೀನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ಮೀನುಗಾರರು ನಮಗೆ ಪರಕೀಯರಲ್ಲ.

ಅವರು ಹವಳದ ದಿಬ್ಬದೊಳಗಿನ ತಿಳಿನೀರಿನಲ್ಲಿ ಕಿರುಮೀನು ಹಿಡಿದು, ದೋಣಿಯ ತೊಟ್ಟಿಯಲ್ಲಿ ಜೀವಂತವಾಗಿಟ್ಟುಕೊಂಡು ಕಡಲಿಗಿಳಿಯುತ್ತಾರೆ. ಅದನ್ನು ಎರಚಿದಾಗ ಮೇಲೆದ್ದು ಬರುವ ಕೇದರವನ್ನು ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಮಿನಿಕಾಯ್ ದ್ವೀಪದ ಈ ಪರಂಪರೆ 1960ರ ದಶಕದಿಂದ ಯಂತ್ರದ ದೋಣಿಗಳೊಡನೆ ಇತರ ದ್ವೀಪಗಳಿಗೂ ಹಬ್ಬಿತು. ಇದರಲ್ಲಿ ಅನ್ಯ ಜೀವಿಗಳ ಹಾನಿ ಅತ್ಯಲ್ಪ. ಹಿಂದೂ ಮಹಾಸಾಗರದ ದೊಡ್ಡ ಹಡಗುಗಳಾದರೋ ಇಡೀ ಹಿಂಡನ್ನೇ ಬಲೆಯಿಂದ ಸುತ್ತುತ್ತವೆ. ಬೆಳೆಯದ ಮರಿಗಳೂ ಅದರಲ್ಲಿ ಸೇರಿಹೋಗುತ್ತವೆ.

ಆದರೂ ಸಂಕಟ ಗಾಳದವನಿಗೇ. 1998, 2010, 2016ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ ಬಿಳಿಚಿತು. ಕಿರುಮೀನುಗಳಲ್ಲಿ ಹಲವಕ್ಕೆ ಆ ಹವಳವೇ ಆಸರೆ. ಹಿಡಿದ ಮೀನನ್ನು ಕಾಯ್ದಿರಿಸಲು ಮಂಜುಗಡ್ಡೆ, ಶೀತಲ ಕೋಠಿ ಸಾಲದಿದ್ದರೆ, ಅದನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿ ‘ಮಾಸ್’ ಮಾಡಬೇಕು. ಕೊಳ್ಳುವವರು ಕೆಲವರೇ ಆದಾಗ ಅವರು ಹೇಳಿದ್ದೇ ಬೆಲೆ. ಕಾಯಲಾರದವನಿಗೆ ಚೌಕಾಶಿಯ ಹಕ್ಕೆಲ್ಲಿ?

ಇಂಥವರಿಗೆ ಬೇಕಾದುದು ಅನುಕಂಪವಲ್ಲ, ಶೀತಲ ಕೋಠಿ ಮತ್ತು ನ್ಯಾಯವಾದ ಬೆಲೆ. ಮೊದಲನೆಯದು ಸರಕಾರದ ಹೊಣೆ; ಎರಡನೆಯದರಲ್ಲಿ ನಮಗೂ ಪಾಲಿದೆ. ಇಲ್ಲಿಯ ಡಬ್ಬಿಯಲ್ಲಿರುವುದು ಲಕ್ಷದ್ವೀಪದ ಮೀನೇ ಆಗಬೇಕೆಂದಿಲ್ಲ. ಮಾಲ್ಡೀವ್ಸ್‌ನಲ್ಲಿಯೂ ಇದೇ ಗಾಳದ ಕ್ರಮವಿದೆ. ಕೋಲು-ಗಾಳದಿಂದ ಹಿಡಿದುದೆಂದು ಕೆಲವು ಡಬ್ಬಿಗಳ ಮೇಲೆ ಮುದ್ರಿಸಿರುತ್ತಾರೆ. ಬೆಲೆ ತುಸು ಹೆಚ್ಚು, ನಿಜ. ಆ ಹೆಚ್ಚಳವೆಲ್ಲ ಮೀನುಗಾರನ ಕೈಸೇರುವುದೆಂದು ನಂಬುವಷ್ಟು ಮುಗ್ಧೆ ನಾನಲ್ಲ. ಆದರೆ ಕೇಳುವವರಿಲ್ಲದಿದ್ದರೆ ಆ ಗಾಳಕ್ಕೆ ಮಾರುಕಟ್ಟೆಯೇ ಉಳಿಯದು.

ಎರಡು ವರ್ಷಕ್ಕೊಮ್ಮೆ ಸೇರಿ ನಾವು ತವರನ್ನು ನೆನೆಯುತ್ತೇವೆ. ತವರಿನ ಬಂದರಿಗೆ ಬಂದುಹೋಗುತ್ತಿದ್ದ ಆ ನೆರೆಯವರನ್ನೂ ನೆನೆಯೋಣ; ಮುಂದಿನ ಸಲ ಡಬ್ಬಿ ಕೈಗೆತ್ತಿಕೊಂಡಾಗ ಬೆಲೆಯ ಜೊತೆಗೆ ಹಿಡಿದ ಬಗೆಯನ್ನೂ ಓದೋಣ.